ಒತ್ತದೇ ಉಳಿದ ಹೆಸರು

೧೪ ನವೆಂಬರ್ ೨೦೨೫, ಶುಕ್ರವಾರ

ವರದಿಯ ಆ ಸಾಲು ಇನ್ನೂ ಕೊರೆಯುತ್ತಿದೆ: ‘ಗಂಡನೊಂದಿಗೆ ಒಡನಾಟ ಕಡಿಮೆ.’ ಟ್ಯಾಬ್‌ನ ಬಟನ್ ಒತ್ತಿ ಯಾರನ್ನು ಎಷ್ಟು ಸಲ ಕರೆಯುತ್ತಾರೆ ಎಂದು ನೋಡಿ ನಮ್ಮ ಸಂಸ್ಥೆಯ ಎಐ ಹಾಗೆ ಹೇಳಿತ್ತು. ಅದು ಪೆದ್ದು ಎನ್ನೋಣವೆಂದರೆ, ಲಕ್ವ ಹೊಡೆದು ಮಾತು ನಿಂತ ಅಕ್ಕೂರಿನ ಕಾವೇರಮ್ಮನ ಪರವಾಗಿ ಮಾತಾಡುವ ಟ್ಯಾಬ್‌ನಲ್ಲಿ ಗಂಡನನ್ನು ಕರೆಯಲು ‘ಮರೀಗೌಡ’ ಎಂಬ ಬಟನ್ ಇಟ್ಟವಳು ನಾನೇ. ಆಕೆ ಅದನ್ನು ಒಮ್ಮೆಯೂ ಒತ್ತಿರಲಿಲ್ಲ.

ಇವತ್ತು ಮರೀಗೌಡರನ್ನೇ ಕೇಳಿದೆ. ರೇಷ್ಮೆಹುಳಕ್ಕೆ ಸೊಪ್ಪು ಹೆಚ್ಚುತ್ತಾ ನಕ್ಕರು.

“ನನ್ ಹೆಸ್ರು ಹೇಳಾಕಿಲ್ಲ ಕಣವ್ವ ಅವ್ಳು. ‘ಇಲ್ನೋಡಿ’ ಅಂತಿದ್ಲು, ಅಷ್ಟೆ. ಅದ್ ಕೇಳಿ ಒಂದ್ ವರ್ಸ ಆಯ್ತು.”

ಹೆಸರು ತೆಗೆದು, ನನ್ನ ದನಿಯಲ್ಲೇ ‘ಇಲ್ನೋಡಿ’ ಎಂದು ರೆಕಾರ್ಡ್ ಮಾಡಿ ಹಾಕಿದೆ. ಅವರು ಹುಳದ ಮನೆಗೆ ಹೋದ ಮೇಲೆ ಕಾವೇರಮ್ಮ ಒತ್ತಿದರು. ಗೌಡರು ಸೊಪ್ಪಿನ ಕೈಯಲ್ಲೇ ಓಡಿಬಂದು ಆಕೆಯ ಪಕ್ಕದಲ್ಲಿ ಕೂತರು. ನಾನಿರುವುದು ಇಬ್ಬರಿಗೂ ಮರೆತಿತ್ತು.

ರಾಮನಗರದ ರೂಮಿಗೆ ಬಂದು ಬೀಗ ತೆಗೆದೆ. ಅಡುಗೆಗೆ ಮನಸ್ಸಿಲ್ಲ. ಇಲ್ಲಿ ನನ್ನನ್ನು ಹೆಸರು ಹಿಡಿದು ಕರೆಯುವವರೂ ಇಲ್ಲ. ರೆಕಾರ್ಡಿಂಗ್ ಸರಿಯಾಗಿದೆಯೇ ನೋಡೋಣವೆಂದು ಲ್ಯಾಪ್‌ಟಾಪಿನಲ್ಲಿ ಒಮ್ಮೆ ಹಾಕಿದೆ.

‘ಇಲ್ನೋಡಿ.’

ನನ್ನದೇ ದನಿ. ಆದರೂ ತಿರುಗಿ ನೋಡಿದೆ.