ಆಡಿನ ಬಾಯಿಗೆ ಹೋದ ರೊಟ್ಟಿ

ವಿಶಾಖಾ,

ನಾ ಮಾನ್ವಿ ಬಸ್ಸಿಗೆ ಹೊಂಟೀನಿ, ಸಂಜಿಗೆ ಬರ್ತೀನಿ. ನೀ ಇವತ್ತು ಓಡಾಕ ಹೋಗಬ್ಯಾಡ. ನಿನ್ನೆ ಗ್ರೌಂಡಿನಾಗ ಕಣ್ಣಿಗೆ ಕತ್ತಲಿ ಬಂದು ಬಿದ್ದಿ ಅಂತ ಮಂದಿ ನಿನ್ನ ಆಟೋದಾಗ ಹಾಕ್ಕೊಂಡು ತಂದಾಗ ನನ್ನ ಎದಿ ಒಡದಂಗಾತು.

ಬುಟ್ಟ್ಯಾಗ ಎರಡು ಜ್ವಾಳದ ರೊಟ್ಟಿ ಅದಾವು, ಹೆಸರುಕಾಳಿನ ಪಲ್ಯ ಅದ. ಎರಡೂ ಉಣ್ಣು. ತೆಳ್ಳಗಾಗಾಕ ಓಡೋರು ಬೇಕಾದ್ರ ಒಂದು ರೊಟ್ಟಿ ಕಡಿಮಿ ಮಾಡಲಿ, ಊಟಾನ ಬಿಡಬಾರದು ಅಂತ ನಿನ್ನೆ ದವಾಖಾನ್ಯಾಗ ಡಾಕ್ಟರಮ್ಮ ನಿನ್ನ ಮುಂದನ ಹೇಳ್ಯಾರ. ಉಂಡೀನಿ ಅಂತ ಸುಳ್ಳು ಹೇಳಬ್ಯಾಡ. ಬಾಜೂಮನಿ ಶಶಿಕಲಾನ ಆಡು ದಿನಾ ನಮ್ಮ ಬಾಗಲಿಗೆ ಬಂದು ಯಾಕ ಒದರತದ ಅಂತ ನನಗ ಈಗ ತಿಳೀತು. ಇವತ್ತು ಅದು ಎಷ್ಟು ಒದರಿದ್ರೂ ರೊಟ್ಟಿ ಹಾಕಬ್ಯಾಡ.

ಹುಡುಗನ ಕಡಿಯವರು ಫೋಟೋ ನೋಡಿ ದಪ್ಪ ಅಂದ್ರು ಅಂತ ತಾನ ಇದೆಲ್ಲ? ಆ ಸಂಬಂಧ ಬ್ಯಾಡ ಅಂತ ಹೇಳಾಕ ನಾ ಹೊಂಟಿದ್ದು. ನೀ ಅತ್ತರೂ ಆತು.

ನಿನ್ನ ವಯಸ್ಸಿನಾಗ ನಾ ನಿನ್ನ ಅರ್ಧನೂ ಇರಲಿಲ್ಲ, ಯವ್ವಾ. ಕುರ್ಡಿ ಊರಿನ ಹೊಲದಾಗ ಹತ್ತಿ ಬಿಡಸುವಾಗ ನಾನೂ ಹಿಂಗ ಬಿದ್ದಿದ್ದೆ. ಆಗ ಯಾರೂ ಹುಡುಗಿ ತೆಳ್ಳಗ ಚಂದ ಅದಾಳ ಅನ್ನಲಿಲ್ಲ. ‘ಹಸದಾಳ, ಏನರ ತಿನ್ನಾಕ ಕೊಡ್ರಿ’ ಅಂದ್ರು.

ಅವ್ವ