ಯುರಾಸಿಲ್ ತಲೆಗೆ ಕಟ್ಟಿದ ತಪ್ಪು

ಹಾಸ್ಟೆಲ್,
ಗುರುವಾರ ಮಧ್ಯಾಹ್ನ

ಪ್ರೀತಿಯ ಅಪ್ಪನಿಗೆ (ವಿಭಾಗದ ಮುಖ್ಯಸ್ಥರಿಗೆ ಅಲ್ಲ),

ಕಾರಿಡಾರಿನಲ್ಲಿ ಎದುರಾದರೆ ನಾನು ನಿಮ್ಮನ್ನು ಸರ್ ಎನ್ನಬೇಕು, ನೀವು ನನ್ನನ್ನು ಹಾಜರಿ ಸಂಖ್ಯೆಯಿಂದ ಕರೆಯಬೇಕು ಎಂದು ನಾನು ಎಂ.ಎಸ್ಸಿ.ಗೆ ಸೇರಿದ ದಿನವೇ ಒಪ್ಪಂದ ಮಾಡಿಕೊಂಡಿದ್ದೆವು. ಈ ವಾರ ನೀವು ಅದಕ್ಕಿಂತ ಒಂದು ಹೆಜ್ಜೆ ಮುಂದೆ ಹೋಗಿದ್ದೀರಿ. ಮನೆಗೆ ಫೋನ್ ಮಾಡಿದರೂ ಸಿಗುವುದಿಲ್ಲ. ಯಾವಾಗ ಕೇಳಿದರೂ ಅಮ್ಮ, ಅವರು ಸ್ನಾನಕ್ಕೆ ಹೋಗಿದ್ದಾರೆ ಎನ್ನುತ್ತಾಳೆ. ಮೂರು ಹೊತ್ತೂ ಸ್ನಾನ ಮಾಡುವ ಪ್ರಾಧ್ಯಾಪಕರನ್ನು ನಾನು ಬೇರೆಲ್ಲೂ ಕಂಡಿಲ್ಲ. ಅದಕ್ಕೇ ಈ ಕಾಗದ.

ನಿಮಗೆ ಯಾರ್ಯಾರೋ ಏನೇನೋ ಹೇಳಿರುತ್ತಾರೆ, ಹಾಗಾಗಿ ಮೊದಲಿನಿಂದ ಹೇಳುತ್ತೇನೆ. ನ್ಯೂಕ್ಲಿಕ್ ಆಮ್ಲಗಳ ಪಾಠ ಮಾಡುವ ನಮ್ಮ ಮೇಡಂ ಈ ಸಲ ಪ್ರಬಂಧದ ಬದಲು ಬೇರೆ ಕೆಲಸ ಹಚ್ಚಿದರು. ಅಂತರಜಾಲದ ವಿಶ್ವಕೋಶದಲ್ಲಿ ನಮ್ಮ ಭಾಷೆಯ ಬಡಕಲು ಲೇಖನಗಳಿವೆಯಲ್ಲ, ಇಬ್ಬಿಬ್ಬರು ಸೇರಿ ಒಂದೊಂದನ್ನು ತಿದ್ದಿ ಬೆಳೆಸಬೇಕು, ಪ್ರತಿ ಮಾತಿಗೂ ಎಲ್ಲಿಂದ ಬಂತೆಂದು ಆಧಾರ ಕೊಡಬೇಕು. ನನಗೂ ಗೂಬೆಗೂ ಆರ್‌ಎನ್‌ಎ ಬಂತು. ಗೂಬೆ ಯಾರೆಂದು ನಿಮಗೆ ಗೊತ್ತು: ನನ್ನ ರೂಮಿನವಳು, ನಿಮ್ಮ ಬೆಳಗಿನ ತರಗತಿಯಲ್ಲಿ ಕಿಟಕಿ ಪಕ್ಕ ತೂಕಡಿಸುವವಳು.

ಆ ಲೇಖನದಲ್ಲಿ ಮೊದಲಿನಿಂದಲೂ ಒಂದು ಸಾಲಿತ್ತು: "ಯುರಾಸಿಲ್ ಎಂಬ ಚಂಚಲ ಒಡನಾಡಿಯನ್ನು ಕಟ್ಟಿಕೊಂಡ ಕಾರಣದಿಂದಲೇ ಆರ್‌ಎನ್‌ಎ ಅಲ್ಪಾಯುಷಿ." ಅದಕ್ಕೆ ಆಧಾರವಿರಲಿಲ್ಲ. ಗೂಬೆ ನಿಮ್ಮ ಪುಸ್ತಕ ಹಿಡಿದು ಕುಣಿಯುತ್ತ ಬಂದಳು. ಸರ್ ಪುಸ್ತಕದಲ್ಲೇ ಇದೆ ಕಣೇ, ಪದಕ್ಕೆ ಪದ ಇದೆ ಎಂದಳು. ಆ ಪದಕ್ಕೆ ಪದ ಎಂಬ ಮಾತೇ ನನಗೆ ಮುಳ್ಳಾಯಿತು.

ಏಕೆಂದರೆ ನೀವು ನನಗೆ ಹೇಳಿಕೊಟ್ಟದ್ದು ಅದಲ್ಲ. ನಾನಿನ್ನೂ ಹೈಸ್ಕೂಲಿನಲ್ಲಿದ್ದಾಗ ಊಟದ ಮೇಜಿನ ಮೇಲೆ ಹಳೇ ಪೇಪರಿನ ಅಂಚಿನಲ್ಲಿ ಚಿತ್ರ ಬಿಡಿಸಿದ್ದಿರಿ. "ನೋಡು, ಆರ್‌ಎನ್‌ಎ ಬೆನ್ನೆಲುಬಲ್ಲಿರೋ ಈ ಸಕ್ಕರೆಯ ಎರಡನೇ ಇಂಗಾಲದ ಮೇಲೆ ಒಂದು ಆಮ್ಲಜನಕ ಜಾಸ್ತಿ ಕೂತಿದೆ. ಡಿಎನ್‌ಎಯಲ್ಲಿ ಅದಿಲ್ಲ. ಕ್ಷಾರ ಸಿಕ್ಕಿದ್ರೆ ಸಾಕು, ಅದೇ ತಿರುಗಿಬಿದ್ದು ಪಕ್ಕದ ಕೊಂಡೀನ ಕಡಿದುಹಾಕುತ್ತೆ. ಹೊರಗಿನ ಕಳ್ಳ ಅಲ್ಲ, ಮನೆಯವನೇ. ಯುರಾಸಿಲ್ ಪಾಪದ್ದು, ಡಿಎನ್‌ಎಯಲ್ಲಿ ಥೈಮಿನ್ ಕೂರೋ ಜಾಗದಲ್ಲಿ ಸುಮ್ನೆ ಕೂತಿರುತ್ತೆ, ಅದರ ತಲೆಗೆ ಕಟ್ಟಬೇಡ" ಎಂದಿರಿ. ಈ ವರ್ಷ ತರಗತಿಯಲ್ಲೂ ಅದನ್ನೇ ಹೇಳಿದಿರಿ. ಬಾಯಲ್ಲಿ ಸರಿಯಿರುವುದು ಪುಸ್ತಕದಲ್ಲಿ ಹೇಗೆ ತಪ್ಪಾಯಿತು?

ಆ ವಿಶ್ವಕೋಶದಲ್ಲಿ ಯಾವ ಸಾಲನ್ನು ಯಾರು ಯಾವಾಗ ಸೇರಿಸಿದರು ಎಂಬುದೆಲ್ಲ ಪುಟದ ಇತಿಹಾಸದಲ್ಲಿ ಉಳಿದಿರುತ್ತದೆ. ತೆರೆದು ನೋಡಿದೆ. ಯಾರೋ ಊರು ಹೆಸರು ಇಲ್ಲದವರು ಆ ಸಾಲು ಬರೆದದ್ದು ನಿಮ್ಮ ಪುಸ್ತಕ ಅಚ್ಚಾಗುವುದಕ್ಕಿಂತ ಬಹಳ ಮೊದಲು. ಅಂದರೆ ಪುಟದಿಂದ ಪುಸ್ತಕಕ್ಕೆ ಹೋದದ್ದನ್ನು ನಾವು ಪುಸ್ತಕದಿಂದ ತಂದು ಅದೇ ಪುಟಕ್ಕೆ ಆಧಾರ ಮಾಡುತ್ತಿದ್ದೆವು. ಕನ್ನಡಿಯನ್ನು ಸಾಕ್ಷಿಗೆ ಕರೆದ ಹಾಗೆ.

ಅದು ಹೇಗಾಯಿತೆಂದು ನಾನು ಊಹಿಸಬಲ್ಲೆ. ನೀವು ಪುಸ್ತಕ ಬರೆದ ವರ್ಷ ಅಜ್ಜಿ ಆಸ್ಪತ್ರೆಯಲ್ಲಿದ್ದಳು. ನೀವು ಅವಳ ಮಂಚದ ಪಕ್ಕದ ಸ್ಟೂಲಿನ ಮೇಲೆ ಕೂತು ಪೀಠಿಕೆಯ ಅಧ್ಯಾಯ ಮುಗಿಸಿದಿರಿ, ಪ್ರಕಾಶಕರು ದಿನಕ್ಕೆರಡು ಸಲ ಫೋನ್ ಮಾಡುತ್ತಿದ್ದರು. ಆತುರಗಾರನಿಗೆ ಬುದ್ಧಿ ಮಟ್ಟ ಎನ್ನುವ ಗಾದೆ ನಿಮ್ಮ ಬಾಯಿಂದಲೇ ಕಲಿತದ್ದು, ಸಿಟ್ಟು ಮಾಡಿಕೊಳ್ಳಬೇಡಿ. ಅಷ್ಟಕ್ಕೆ ನಿಮ್ಮನ್ನು ನಾನು ಕಡಿಮೆ ಮಾಡಿ ನೋಡಲಾರೆ.

ಆ ಸಾಲನ್ನು ಅಳಿಸಿ ಸಕ್ಕರೆಯ ಕಥೆ ಬರೆದೆ, ಬೇರೆ ಎರಡು ಪುಸ್ತಕಗಳ ಆಧಾರ ಕೊಟ್ಟೆ. ಮರುದಿನ ನೋಡಿದರೆ ಹಳೇ ಸಾಲು ಬಂದು ಕೂತಿದೆ, ಬಾಲಕ್ಕೆ ನಿಮ್ಮ ಪುಸ್ತಕದ ಹೆಸರು. ಹಾಕಿದವರು 'ನಿಷ್ಪಕ್ಷಪಾತಿ' ಎಂಬ ಖಾತೆಯ ಒಬ್ಬ ಮಹಾಶಯರು. ನಾನು ಅಳಿಸಿದೆ, ಅವರು ಹಾಕಿದರು. ಮತ್ತೆ ಅಳಿಸಿದೆ, ಮತ್ತೆ ಹಾಕಿದರು. ಲೇಖನದ ಚರ್ಚಾಪುಟದಲ್ಲಿ, ಹಿರಿಯರ ಗ್ರಂಥವನ್ನು ಪ್ರಶ್ನಿಸುವ ಮುನ್ನ ಹತ್ತು ವರ್ಷ ಲ್ಯಾಬಿನಲ್ಲಿ ಪೈಪೆಟ್ ಹಿಡಿ ಎಂದು ಉಪದೇಶ ಬೇರೆ.

ಸೋಮವಾರ ಮೇಡಂ ಕರೆಸಿದರು. ನನ್ನ ಮುಖ ನೋಡದೆ ಪೆನ್ನಿನ ಮುಚ್ಚಳ ತಿರುಗಿಸುತ್ತ, "ಸರ್ ಪುಸ್ತಕ ಮೂರು ಕಾಲೇಜಲ್ಲಿ ಪಠ್ಯ ಕಣಮ್ಮಾ. ಮೇಲಿಂದ ಹೇಳಿಕಳಿಸಿದ್ದಾರೆ. ಶುಕ್ರವಾರದ ಹೊತ್ತಿಗೆ ಆ ಸಾಲು ಮೊದಲಿದ್ದ ಹಾಗೇ ಇರ್ಲಿ, ಇಲ್ಲಾಂದ್ರೆ ಇಬ್ರಿಗೂ ಸೊನ್ನೆ" ಎಂದರು. ಸೊನ್ನೆ ಎಂದರೆ ಪರೀಕ್ಷೆಗೆ ಕೂರುವಂತಿಲ್ಲ, ಒಂದು ವರ್ಷ ಹೋಯಿತೆಂದೇ ಲೆಕ್ಕ. ನಮ್ಮ ವಿಭಾಗದಲ್ಲಿ ಮೇಡಂಗಿಂತ ಮೇಲೆ ಇರುವವರು ಒಬ್ಬರೇ.

ಗೂಬೆ ಅತ್ತಳು. ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಗುತ್ತದಂತೆ, ಈ ಅಪ್ಪ ಮಗಳ ಜಗಳದಲ್ಲಿ ನಾನ್ಯಾಕೆ ಬಡವಾಗಬೇಕು ಎಂದು ಕೇಳಿದಳು. ನ್ಯಾಯವಾದ ಪ್ರಶ್ನೆ. ಅಳಿಸಿದ್ದು ನಾನೊಬ್ಬಳೇ, ಸೊನ್ನೆ ಹಾಕುವುದಿದ್ದರೆ ನನಗೆ ಮಾತ್ರ ಹಾಕಿ ಎಂದು ಮೇಡಂಗೆ ಹೇಳಿ ಬಂದಿದ್ದೇನೆ. ಅವರು ಒಪ್ಪಿದ್ದಾರೆ.

ನನಗೆ ಸಿಟ್ಟು ಬಂದಿದೆ ಅಪ್ಪಾ. ತಪ್ಪು ಬರೆದಿರಿ ಎಂದಲ್ಲ. ಸೊನ್ನೆಯ ಮಾತನ್ನು ಇನ್ನೊಬ್ಬರ ಬಾಯಲ್ಲಿ ಹೇಳಿಕಳಿಸಿದಿರಲ್ಲ, ಅದಕ್ಕೆ. ಆ ಪುಟವನ್ನು ಶಾಲೆಯ ಮಕ್ಕಳು ಹೋಂವರ್ಕಿಗೆ ನಕಲು ಮಾಡುತ್ತಾರೆ. ಅವರಲ್ಲೊಬ್ಬಳು ಮುಂದೆ ನಿಮ್ಮ ತರಗತಿಗೇ ಬಂದು ಯುರಾಸಿಲ್ಲನ್ನು ಬೈಯುತ್ತಾಳೆ, ನೀವು ಬೋರ್ಡಿಗೆ ತಿರುಗಿ ಸಕ್ಕರೆಯ ಚಿತ್ರ ಬರೆಯುತ್ತೀರಿ, ಅವಳು ನಿಮ್ಮದೇ ಪುಸ್ತಕ ತೆರೆದು ತೋರಿಸುತ್ತಾಳೆ. ಆಗ ಅವಳಿಗೂ ಸೊನ್ನೆಯೇ?

ಆ ಸಾಲನ್ನು ನಾನು ಮರಳಿ ಹಾಕುವುದಿಲ್ಲ. ಇವತ್ತು ಊಟ ಮುಗಿಸಿ ಬಂದವಳೇ ಅದನ್ನು ಮತ್ತೆ ಅಳಿಸಿದೆ. ಚರ್ಚಾಪುಟದಲ್ಲಿ ಆ ಸಾಲು ಹುಟ್ಟಿದ ತಾರೀಕನ್ನೂ ಪುಸ್ತಕ ಅಚ್ಚಾದ ತಾರೀಕನ್ನೂ ಒಂದರ ಕೆಳಗೊಂದು ಬರೆದೆ. ಯಾರು ಯಾರಿಂದ ತೆಗೆದುಕೊಂಡರು ಎಂದು ಬರೆದಿಲ್ಲ. ಓದುವವರಿಗೆ ಕಣ್ಣಿದೆ. ನಿಮ್ಮ ಎರಡನೇ ಮುದ್ರಣ ಇನ್ನೂ ಪ್ರೆಸ್ಸಿಗೆ ಹೋಗಿಲ್ಲವೆಂದು ಅಮ್ಮ ಹೇಳಿದಳು. ಊಟದ ಮೇಜಿನ ಮೇಲೆ ಹೇಳಿದ್ದನ್ನು ಅದಕ್ಕೂ ಹಾಕಿ, ಸಾಕು. ಹಾಕದೆ ನನಗೆ ಸೊನ್ನೆಯನ್ನೇ ಹಾಕಿಸಿದರೆ ಮುಂದಿನ ವರ್ಷ ಮುಂದಿನ ಬೆಂಚಿನಲ್ಲೇ ಕೂತಿರುತ್ತೇನೆ. ನೀವು ಹಾಜರಿ ಕೂಗಿದಾಗ ಎದ್ದು ನಿಂತು ಬಂದಿದ್ದೇನೆ ಸರ್ ಎನ್ನುತ್ತೇನೆ.

ಭಾನುವಾರ ಊಟಕ್ಕೆ ಮನೆಗೆ ಬರುತ್ತೇನೆ. ನೀವು ಸ್ನಾನಕ್ಕೆ ಹೋಗಿದ್ದರೆ ಬಚ್ಚಲ ಬಾಗಿಲ ಎದುರು ಕುರ್ಚಿ ಹಾಕಿಕೊಂಡು ಕಾಯುತ್ತೇನೆ.

ನಿಮ್ಮ ಮಗಳು,
ಮೆಣಸಿನಕಾಯಿ

ತಾ.ಕ.: ಕವರು ಅಂಟಿಸುವ ಮುಂಚೆ ಚರ್ಚಾಪುಟ ನೋಡಿದೆ. ನಿಷ್ಪಕ್ಷಪಾತಿ ಮಹಾಶಯರು ಉತ್ತರ ಕೊಟ್ಟಿದ್ದಾರೆ: "ಮೊದಲು ಕೈಗವಸು ಹಾಕಿಕೊಂಡು ಬಾ, ಆಮೇಲೆ ಆರ್‌ಎನ್‌ಎ ಮುಟ್ಟು." ಉಳಿದವರಿಗೆ ಅದರ ತಲೆಬುಡ ಅರ್ಥವಾಗಿಲ್ಲ. ನಾನು ಚಿಕ್ಕವಳಿದ್ದಾಗ ಒಬ್ಬರು ತಮ್ಮ ಲ್ಯಾಬಿನಲ್ಲಿ, ಬರಿಗೈಯ ಬೆವರು ತಾಗಿದರೂ ಆರ್‌ಎನ್‌ಎ ಹಾಳಾಗುತ್ತದೆ ಎಂದು ಹೇಳಿ, ದೊಡ್ಡವರ ಕೈಗವಸನ್ನು ನನ್ನ ಪುಟ್ಟ ಕೈಗೆ ತೊಡಿಸಿ, ಮಣಿಕಟ್ಟಿಗೆ ರಬ್ಬರ್ ಬ್ಯಾಂಡ್ ಸುತ್ತಿ, ಇದೇ ಮಾತು ಹೇಳಿದ್ದರು. ನಾನು ಯಾರಿಗೂ ಹೇಳಿಲ್ಲ, ಗೂಬೆಗೂ. ಹೇಳುವುದೂ ಇಲ್ಲ. ಆದರೆ ಅಪ್ಪಾ, ಕೈಗವಸು ಹಾಕಿಕೊಂಡೇ ಅಳಿಸಿದ್ದೇನೆ. ಮತ್ತೆ ಹಾಕುವುದಿದ್ದರೆ ನಿಮ್ಮ ಹೆಸರಿನಲ್ಲೇ ಹಾಕಿ. ಆಗಲೂ ಅಳಿಸುತ್ತೇನೆ.