ಉಡಿಯ ಖಣಕ್ಕ ಜೋಡಿ ಸಿಕ್ತು

ಹೈದರಾಬಾದ್, ರವಿವಾರ

ವೈನಿ, ನಮಸ್ಕಾರ ರಿ.

ಇವತ್ತ ಸುಲ್ತಾನ್ ಬಜಾರದಾಗ ಎಂಥಾ ಮಜಾ ನೋಡಿದೆ ಅಂತೀರಿ! ಬಟ್ಟೀಗೆ ಬಣ್ಣಾ ಹಾಕೋ ಅಜ್ಜ ಒಬ್ಬ ರಸ್ತಾದ ಮ್ಯಾಲೇ ಒಲಿ ಹಚ್ಚಿಕೊಂಡು ಕುಂತಿದ್ದ. ನಾ ಹಾಕ್ಕೊಂಡಿದ್ದ ಖಣದ ಜಾಕೀಟು ತೋರಿಸಿ, "ಇದಕ್ಕ ಜೋಡಿ ಆಗೋ ದುಪಟ್ಟಾ ಬೇಕು" ಅಂದೆ. ಅಂವ ನನ್ನ ಬಿಸಲಾಗ ನಿಲ್ಲಿಸಿ, ತೋಳು ಹಿಡಿದು ನೋಡಿ, ಎರಡ ಪುಡಿ ಕಲಸಿ, ಬಿಳೇ ದುಪಟ್ಟಾ ಕುದಿಯೋ ನೀರಾಗ ಅದ್ದಿದ. ಹತ್ತ ನಿಮಿಷದಾಗ ಅದೇ ಗಿಳಿ ಹಸಿರು ರಿ! ಬರೇ ಎಂಬತ್ತು ರೂಪಾಯಿ. ಬಾಜೂ ನಿಂತಿದ್ದ ತೆಲುಗು ಹೆಂಗಸರು ಜಾಕೀಟು ಮುಟ್ಟಿ ಮುಟ್ಟಿ, ಯಾವ ಅಂಗಡೀದು ಅಂತ ಕೇಳಿದ್ರು.

ತಿರುಗಿ ತಿರುಗಿ ಕಾಲು ಬಾತಾವ, ಉಳಿದಂಗ ಆರಾಮ ಅದೀನಿ.

ಈಗ ಖರೇ ಹೇಳ್ತೀನಿ, ಸಿಟ್ಟಾಗಬ್ಯಾಡ್ರಿ. ಆ ಜಾಕೀಟು ಹೊಲಿಸಿದ್ದು ನೀವು ನನಗ ಉಡಿ ತುಂಬಿದ ಖಣದಾಗ. "ಹೊಲಿಸಬ್ಯಾಡ, ಸುಂದರಾಬಾಯಿ ಕಾಕೂನ ಉಡಿಗೆ ಹಾಕು" ಅಂದಿದ್ರಿ. ಕಾಕೂಗ ಬ್ಯಾರೇದು ಕಳಸ್ತೀನಿ. ಇಪ್ಪತ್ತ ವರ್ಷ ಘಡೀ ಮುರೀದ, ಮಡಚಿದ್ದು ಮಡಚಿದಂಗ ಉಡಿಯಿಂದ ಉಡಿಗೆ ತಿರುಗಿದ ಖಣಾ, ವೈನಿ, ಇವತ್ತ ಮೊದಲ ಸಲ ಒಬ್ಬರ ಮೈಮ್ಯಾಲೆ ಕುಂತು ಪ್ಯಾಟಿ ನೋಡಿತು!

ಕಾರ್ಡ್ ತುಂಬ್ತು.
ನಿಮ್ಮ ಸ್ನೇಹಲತಾ